ಗೋಡೆಗಾ, ಕಬ್ಬಿಣಕ್ಕಾ, ಮರಕ್ಕಾ?

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಆರು ಎಂಎಂ ಡ್ರಿಲ್ ಬಿಟ್ ಕೊಡಿ’ ಅಂದರೆ ಪಳಗಿದ ಅಂಗಡಿಯವರು ಡಬ್ಬಿಗೆ ಕೈ ಹಾಕುವ ಮೊದಲು ಕೇಳುತ್ತಾರೆ: ‘ಗೋಡೆಗಾ, ಕಬ್ಬಿಣಕ್ಕಾ, ಮರಕ್ಕಾ?’ ಅವರು ಕೇಳದಿದ್ದರೆ ನಾವೇ ಹೇಳಬೇಕು. ಮೂರೂ ಆರು ಮಿ.ಮೀ. ಬಿಟ್‌ಗಳೇ, ಮೂರೂ ಒಂದೇ ಚಕ್‌ನಲ್ಲಿ ಕೂರುತ್ತವೆ, ಮೂರರಿಂದಲೂ ಮರಕ್ಕೆ ಹೇಗೋ ತೂತು ಬೀಳುತ್ತದೆ. ಆದರೆ ಅದು ಗುರುತು ಹಾಕಿದ ಜಾಗದಲ್ಲೇ ಬಿತ್ತೆ, ಅಂಚು ಸಿಬಿರೆದ್ದಿತೆ, ಒಳಗೆ ಸುಟ್ಟು ಕಪ್ಪಾಯಿತೆ, ಹಾಕಿದ ಸ್ಕ್ರೂ ವರ್ಷಗಟ್ಟಲೆ ಹಿಡಿದು ನಿಂತೀತೆ ಎಂಬುದೆಲ್ಲ ಬಿಟ್‌ನ ದಪ್ಪದಲ್ಲಿಲ್ಲ, ಅದರ ತುದಿಯಲ್ಲಿದೆ.

ಈಗ ಮನೆಗಳಲ್ಲಿ ಡ್ರಿಲ್ ಮಷಿನ್ ಅಪರೂಪವಲ್ಲ. ಪರದೆಯ ಸರಳು, ದೇವರ ಪಟ, ಟಿವಿ ಸ್ಟ್ಯಾಂಡ್ ಅಂತ ಗೋಡೆಗಾಗಿಯೇ ಕೊಂಡದ್ದು. ಪೆಟ್ಟಿಗೆಯೊಳಗೆ ಬಂದ ಬಿಟ್‌ಗಳೂ ಹೆಚ್ಚಾಗಿ ಗೋಡೆಯವೇ. ಅಡುಗೆಮನೆಯ ಕಪಾಟಿನ ಬಾಗಿಲು ಜೋತುಬಿದ್ದ ದಿನ ಅದೇ ಬಿಟ್ ಮರಕ್ಕೂ ಇಳಿಯುತ್ತದೆ. ಸಣ್ಣ ಕೆಲಸಕ್ಕೆ ಬಡಗಿಯನ್ನು ಕರೆದರೆ ಬರುವುದೇ ಕಷ್ಟ, ಅವರಿಗೆ ಅದು ಗಿಟ್ಟುವುದೂ ಇಲ್ಲ. ಹಾಗಾಗಿ ಇಷ್ಟನ್ನು ಮನೆಯವರೇ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ದುಬಾರಿ ಮಷಿನ್ ಬೇಕಿಲ್ಲ. ಸರಿಯಾದ ಕೆಲವು ಬಿಟ್‌ಗಳು ಸಾಕು.

ತುದಿ ನೋಡಿ ಕೊಳ್ಳಿ

ಗೋಡೆಯ ಬಿಟ್ ಗುರುತಿಸುವುದು ಸುಲಭ. ತುದಿಯಲ್ಲಿ ಕಾರ್ಬೈಡ್‌ನ ಒಂದು ಸಣ್ಣ ತುಂಡನ್ನು ಬೆಸೆದಿರುತ್ತಾರೆ, ಅದು ಕಾಂಡಕ್ಕಿಂತ ಕೊಂಚ ಅಗಲವಾಗಿ ಎರಡೂ ಕಡೆ ಚಾಚಿರುತ್ತದೆ. ಬೆರಳಿನಿಂದ ಮುಟ್ಟಿದರೆ ಮೊಂಡು. ಅದು ಮೊಂಡಾಗಿರುವುದೇ ಸರಿ, ಏಕೆಂದರೆ ಅದರ ಕೆಲಸ ಇಟ್ಟಿಗೆ, ಕಾಂಕ್ರೀಟನ್ನು ಗುದ್ದಿ ಪುಡಿ ಮಾಡುವುದು. ಮರಕ್ಕೆ ಹಚ್ಚಿದರೆ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಹೊಗೆ ಬರುತ್ತದೆ, ತೂತು ಅಳತೆಗಿಂತ ದೊಡ್ಡದಾಗುತ್ತದೆ.

ಕಬ್ಬಿಣದ ಬಿಟ್ ಅಂದರೆ ಸುರುಳಿ ಕೊರೆದ, ಚೂಪು ಶಂಕುವಿನಂಥ ತುದಿಯ ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್. ಈ ತಿರುಚಿದ ವಿನ್ಯಾಸಕ್ಕೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದ; ಇಂದಿಗೂ ಮೂಲ ಆಕಾರ ಹೆಚ್ಚೇನೂ ಬದಲಾಗಿಲ್ಲ. ತುದಿಯ ಕೋನ ಸಾಮಾನ್ಯವಾಗಿ 118 ಡಿಗ್ರಿ, ಗಟ್ಟಿ ಉಕ್ಕಿಗೆ ಮಾಡಿದ್ದಾದರೆ 135. ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ನಟ್ಟನಡುವೆ ಒಂದು ಚಿಕ್ಕ ಅಡ್ಡಗೆರೆ ಕಾಣುತ್ತದೆ. ಅದು ಕತ್ತರಿಸುವ ಅಲಗಲ್ಲ, ಕೆರೆಯುವ ಅಂಚು. ಮಷಿನ್ ಶುರುವಾದ ಕೂಡಲೇ ಬಿಟ್ ಗುರುತು ಬಿಟ್ಟು ಆಚೀಚೆ ಜಾರುವುದು ಇದರಿಂದಲೇ.

ಕಬ್ಬಿಣದ ತಗಡು ಯಾವ ದಿಕ್ಕಿನಿಂದ ಕೊರೆದರೂ ಒಂದೇ. ಮರ ಹಾಗಲ್ಲ, ಅದು ಒತ್ತಿ ಕಟ್ಟಿದ ಹುಲ್ಲಿನ ಕಂತೆಯ ಹಾಗೆ: ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಎಳೆದರೆ ನಾರು ಕಿತ್ತು ಬರುತ್ತದೆ. ಶಂಕು ತುದಿಯ ಬಿಟ್ ಮೊದಲು ನಡುವನ್ನು ತಿನ್ನುತ್ತಾ ಕೊನೆಗೆ ಅಂಚಿಗೆ ಬರುತ್ತದೆ. ಅಷ್ಟರಲ್ಲಿ ಅಂಚಿನ ನಾರುಗಳು ಕತ್ತರಿಸಿಕೊಳ್ಳುವ ಬದಲು ಮೇಲೆದ್ದಿರುತ್ತವೆ. ಮರದ ಬಿಟ್ ಇದನ್ನು ತಿರುವುಮುರುವು ಮಾಡುತ್ತದೆ. ಅದರ ನಡುವೆ ಸೂಜಿಯಂಥ ಮೊನೆ, ಹೊರ ಅಂಚಿನಲ್ಲಿ ಎರಡು ಚಿಕ್ಕ ಚೂಪು ಹಲ್ಲು. ಮೊನೆ ಗುರುತಿನಲ್ಲಿ ಕಚ್ಚಿ ನಿಲ್ಲುತ್ತದೆ, ಹಲ್ಲುಗಳು ತೂತಿನ ಸುತ್ತಳತೆಯನ್ನು ಮೊದಲೇ ವೃತ್ತವಾಗಿ ಕೊಯ್ದಿಡುತ್ತವೆ, ಆಮೇಲೆ ಒಳಗಿನ ಅಲಗು ಆ ವೃತ್ತದೊಳಗಿನ ಮರವನ್ನು ಎತ್ತಿ ಹಾಕುತ್ತದೆ. ಇದಕ್ಕೆ ಬ್ರ್ಯಾಡ್ ಪಾಯಿಂಟ್ ಎನ್ನುತ್ತಾರೆ. ಅಂಗಡಿಯಲ್ಲಿ ‘ಮೂರು ಮೊನೆಯ ವುಡ್ ಬಿಟ್’ ಎಂದರೆ ಸಾಕು. ಕೊಳ್ಳುವಾಗ ಹೊರಗಿನ ಎರಡು ಹಲ್ಲುಗಳು ನಿಜವಾಗಿ ಚೂಪಾಗಿವೆಯೇ, ಎರಡೂ ಒಂದೇ ಎತ್ತರಕ್ಕಿವೆಯೇ ನೋಡಿ. ಅಗ್ಗದ ಸೆಟ್‌ಗಳಲ್ಲಿ ಹಲ್ಲಿನ ಆಕಾರ ಮಾತ್ರ ಇರುತ್ತದೆ, ಅಲಗಿರುವುದಿಲ್ಲ.

ಹಾಗಂತ ಮರದ ಕೆಲಸಕ್ಕೆಲ್ಲ ಇದೇ ಬೇಕೆಂದಲ್ಲ. 4 ಮಿ.ಮೀ.ಗಿಂತ ಚಿಕ್ಕ ತೂತಿಗೆ, ಅಂದರೆ ಸ್ಕ್ರೂಗೆ ದಾರಿ ಮಾಡಿಕೊಡುವ ತೂತಿಗೆ, ಕಬ್ಬಿಣದ ಎಚ್‌ಎಸ್‌ಎಸ್ ಬಿಟ್ಟೇ ಚೆನ್ನ. ಅಷ್ಟು ಸಣ್ಣದರಲ್ಲಿ ಅಂಚಿನ ಅಂದ ಯಾರಿಗೂ ಕಾಣದು, ಸ್ಕ್ರೂವಿನ ತಲೆ ಮುಚ್ಚಿಬಿಡುತ್ತದೆ.

ಬಣ್ಣಕ್ಕೆ ಮರುಳಾಗಬೇಡಿ. ಚಿನ್ನದ ಬಣ್ಣ ಟೈಟೇನಿಯಂ ನೈಟ್ರೈಡ್ ಲೇಪನದ್ದು. ಲೋಹ ಕೊರೆಯುವವರಿಗೆ ಅದರಿಂದ ಲಾಭವಿದೆ, ಮರಕ್ಕೆ ಅಷ್ಟಿಲ್ಲ. ಕೆಲವು ಅಗ್ಗದ ಬಿಟ್‌ಗಳಲ್ಲಂತೂ ಬಣ್ಣದ ಕೆಳಗೆ ಸಾಧಾರಣ ಉಕ್ಕೇ ಇರುತ್ತದೆ. ಕೋಬಾಲ್ಟ್ ಬೆರೆತ ಬಿಟ್‌ಗೆ ದುಡ್ಡು ಹಾಕುವ ಅಗತ್ಯವೂ ಇಲ್ಲ. ಕಾಂಡದ ಮೇಲೆ ಎಚ್‌ಎಸ್‌ಎಸ್ ಎಂಬ ಮುದ್ರೆ, ಅಳತೆ, ತಯಾರಕರ ಹೆಸರು ಸ್ಪಷ್ಟವಾಗಿದ್ದರೆ ಸಾಕು. ಅಡಿಸನ್, ಮಿರಾಂಡಾ, ಟೋಟೆಂನಂಥ ಹೆಸರುಗಳು ನಮ್ಮ ಅಂಗಡಿಗಳಲ್ಲಿ ಬಿಡಿಯಾಗಿಯೇ ಸಿಗುತ್ತವೆ. ನನ್ನ ಮಟ್ಟಿಗೆ ನೂರು ತುಂಡಿನ ಪೆಟ್ಟಿಗೆ ದಂಡ. ಅದರಲ್ಲಿ ಬಳಕೆಗೆ ಬರುವವು ಏಳೆಂಟು, ಅವೇ ಮೊದಲು ಮೊಂಡಾಗುತ್ತವೆ. 2, 2.5, 3 ಮಿ.ಮೀ. ಎಚ್‌ಎಸ್‌ಎಸ್ ಬಿಟ್ ಎರಡೆರಡು (ಸಣ್ಣವು ಮುರಿಯುತ್ತವೆ), 4.5 ಮತ್ತು 5 ಮಿ.ಮೀ. ಒಂದೊಂದು, ಮರದ ಬಿಟ್ 6, 8, 10, ಜೊತೆಗೆ ಸ್ಕ್ರೂವಿನ ತಲೆ ಮುಳುಗಿಸಲು ಒಂದು ಕೌಂಟರ್‌ಸಿಂಕ್. ಮನೆಯ ಮುಕ್ಕಾಲು ಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಕ್ಕೀತು.

ಅಳತೆಯ ವಿಷಯದಲ್ಲೊಂದು ಗೊಂದಲವಿದೆ. ಹಳೆಯ ಬಡಗಿಗಳು ಈಗಲೂ ಇಂಚು, ನೂಲಿನಲ್ಲಿ ಮಾತಾಡುತ್ತಾರೆ. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ, 3.2 ಮಿ.ಮೀ. ಎರಡು ನೂಲು 6.35, ಮೂರು ನೂಲು 9.5. ಎರಡು ನೂಲಿನ ಬೋಲ್ಟ್‌ಗೆ 6 ಮಿ.ಮೀ. ತೂತು ಕೊರೆದು ಸುತ್ತಿಗೆಯಿಂದ ಬಡಿಯುವವರನ್ನು ನೋಡಬಹುದು; ಬೇಕಾದದ್ದು 6.5.

ಒಂದು ಸ್ಕ್ರೂ, ಎರಡು ತೂತು

ಮನೆಗೆಲಸದ ತೂತುಗಳಲ್ಲಿ ಹೆಚ್ಚಿನವು ಸ್ಕ್ರೂಗಾಗಿಯೇ. ಮಷಿನ್‌ನಿಂದ ಸ್ಕ್ರೂವನ್ನು ನೇರವಾಗಿ ಮರಕ್ಕೆ ಏರಿಸಿಬಿಡುವ ಅಭ್ಯಾಸ ಈಗ ಬಂದಿದೆ. ಪ್ಲೈವುಡ್‌ನ ನಡುಭಾಗದಲ್ಲಿ ಅದು ನಡೆಯುತ್ತದೆ. ಅಂಚಿಗೆ ಹತ್ತಿರ, ಗಟ್ಟಿ ಮರದಲ್ಲಿ, ಎಂಡಿಎಫ್‌ನ ದಪ್ಪದ ಬದಿಯಲ್ಲಿ ನಡೆಯುವುದಿಲ್ಲ. ಹಲಗೆ ಸೀಳುತ್ತದೆ ಇಲ್ಲವೇ ಪದರ ಬಿಚ್ಚಿ ಉಬ್ಬುತ್ತದೆ.

ಸ್ಕ್ರೂವಿನಲ್ಲಿ ಎರಡು ಭಾಗ: ನಡುವಿನ ಗಟ್ಟಿ ತಿರುಳು, ಅದರ ಸುತ್ತ ಏರಿದ ಎಳೆ. ತಿರುಳು ಕೂರಲು ಜಾಗ ಬೇಕು, ಎಳೆ ಕಚ್ಚಲು ಮರ ಬೇಕು. ಆದ್ದರಿಂದ ತೂತು ತಿರುಳಿನಷ್ಟೇ ಇರಬೇಕು. ಅಳೆಯಲು ಏನೂ ಬೇಕಿಲ್ಲ. ಸ್ಕ್ರೂವನ್ನು ಕಣ್ಣೆದುರು ಹಿಡಿದು ಅದರ ಮುಂದೆ ಬಿಟ್ ಹಿಡಿಯಿರಿ. ತಿರುಳು ಪೂರ್ತಿ ಮರೆಯಾಗಿ ಎಳೆ ಮಾತ್ರ ಎರಡೂ ಬದಿ ಇಣುಕುತ್ತಿದ್ದರೆ ಅದೇ ಸರಿಯಾದ ಬಿಟ್.

ಲೆಕ್ಕ ಬೇಕೆನ್ನುವವರಿಗೆ: ಅಂಗಡಿಯಲ್ಲಿ ‘8×32’ ಎಂದು ಕೊಡುವ ಸ್ಕ್ರೂವಿನಲ್ಲಿ ಎಂಟು ಎಂಬುದು ದಪ್ಪದ ನಂಬರು, ಹೊರ ಅಳತೆ ಸುಮಾರು 4.2 ಮಿ.ಮೀ.; 32 ಎಂಬುದು ಮಿ.ಮೀ.ನಲ್ಲಿ ಉದ್ದ. ಆರು ನಂಬರು ಸುಮಾರು 3.5, ಹತ್ತು ನಂಬರು 4.8 ಮಿ.ಮೀ. ಎಂಟು ನಂಬರಿಗೆ ಸಿಲ್ವರ್ ಓಕ್, ಪೈನ್‌ನಂಥ ಮೆದು ಮರದಲ್ಲಿ 2.5 ಮಿ.ಮೀ. ತೂತು ಸಾಕು. ತೇಗಕ್ಕೆ 3. ಹೊನ್ನೆ, ಮತ್ತಿ, ಬೀಟೆಯಂಥ ಗಟ್ಟಿ ಮರಕ್ಕೆ 3.2ರವರೆಗೂ ಹೋಗಬಹುದು. ಗಟ್ಟಿ ಮರಕ್ಕೆ ತೂತು ದೊಡ್ಡದೇಕೆ ಎಂದರೆ, ಅಲ್ಲಿ ಎಳೆ ಸ್ವಲ್ಪ ಕಚ್ಚಿದರೂ ಹಿಡಿತ ಬಲವಾಗಿರುತ್ತದೆ. ಬಿಗಿ ಹೆಚ್ಚಾದರೆ ಸ್ಕ್ರೂವೇ ತುಂಡಾಗುತ್ತದೆ. ಹಿತ್ತಾಳೆ ಸ್ಕ್ರೂ ಇನ್ನೂ ನಾಜೂಕು. ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಒಮ್ಮೆ ಏರಿಸಿ ತೆಗೆದು, ಎಳೆಯ ದಾರಿ ಮಾಡಿ, ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಕೈಯಿಂದ ತಿರುಗಿಸಿ.

ಎರಡು ಹಲಗೆ ಜೋಡಿಸುವಾಗ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೊಂದಿದೆ. ಮೇಲಿನ ಹಲಗೆಯ ತೂತು ಕೆಳಗಿನದರಷ್ಟೇ ಇರಬಾರದು, ಸ್ಕ್ರೂವಿನ ಹೊರ ಅಳತೆಗಿಂತ ತುಸು ದೊಡ್ಡದಿರಬೇಕು. ಎಂಟು ನಂಬರಿಗೆ 4.5 ಮಿ.ಮೀ. ಎರಡೂ ಹಲಗೆಯಲ್ಲಿ ಎಳೆ ಕಚ್ಚಿಕೊಂಡರೆ, ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಸ್ಕ್ರೂ ಅದನ್ನು ಹಾಗೇ ಹಿಡಿದಿಡುತ್ತದೆ. ಎಷ್ಟು ಬಿಗಿದರೂ ಹಲಗೆಗಳು ಕೂಡುವುದಿಲ್ಲ. ಮೇಲಿನದರಲ್ಲಿ ಸ್ಕ್ರೂ ಸಡಿಲವಾಗಿ ತಿರುಗಿದರೆ ಮಾತ್ರ ಅದರ ತಲೆ ಹಲಗೆಯನ್ನು ಕೆಳಕ್ಕೆ ಎಳೆಯುತ್ತದೆ. ಮಾಡಿದ ಸ್ಟೂಲು ಅಲ್ಲಾಡುವುದಕ್ಕೆ ಫೆವಿಕಾಲ್ ಕಡಿಮೆಯಾಯಿತು ಎಂದು ದೂರುವ ಮೊದಲು ಈ ತೂತನ್ನು ನೋಡಿ. ಕೊನೆಗೆ ಕೌಂಟರ್‌ಸಿಂಕ್ ಬಿಟ್‌ನಿಂದ ಬಾಯಿಯನ್ನು ತಲೆ ಮುಳುಗುವಷ್ಟು ಅಗಲಿಸಬೇಕು, ಅದೂ ನಿಧಾನ ವೇಗದಲ್ಲಿ. ವೇಗ ಹೆಚ್ಚಾದರೆ ಬಾಯಿ ಗುಂಡಗಾಗದೆ ಅಂಕುಡೊಂಕಾಗುತ್ತದೆ.

ಹಲಗೆಯ ತುದಿ ಕೊಯ್ದ ಮುಖದಲ್ಲಿ, ಮರದ ಎಳೆಯ ಉದ್ದಕ್ಕೆ ಸ್ಕ್ರೂ ಹಾಕಿದರೆ ಹಿಡಿತ ಬಹಳ ಕಡಿಮೆ. ಅಲ್ಲಿ ಅರ್ಧ ಮಿ.ಮೀ. ಚಿಕ್ಕ ತೂತು, ಉದ್ದನೆಯ ಸ್ಕ್ರೂ ಬಳಸಿ. ಇಲ್ಲವೇ ಡೋವೆಲ್, ಅಂದರೆ ಮರದ ದುಂಡು ಕಡ್ಡಿಯ ಜೋಡಣೆಗೆ ಹೋಗಿ. 18 ಮಿ.ಮೀ. ಹಲಗೆಗೆ 6 ಅಥವಾ 8 ಮಿ.ಮೀ. ಡೋವೆಲ್ ಸರಿ. ತೂತು ಮರದ ಬಿಟ್‌ನಿಂದಲೇ ಆಗಬೇಕು, ಡೋವೆಲ್ ಕೂರುವುದಕ್ಕಿಂತ ಒಂದೆರಡು ಮಿ.ಮೀ. ಆಳವಿರಬೇಕು, ಇಲ್ಲದಿದ್ದರೆ ತಳದಲ್ಲಿ ಸಿಕ್ಕಿಕೊಂಡ ಅಂಟು ಮರವನ್ನೇ ಸೀಳಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೊರಗಿಟ್ಟ ಡೋವೆಲ್ ತೇವ ಕುಡಿದು ಉಬ್ಬಿರುತ್ತದೆ. ಅದಕ್ಕೆ ತೂತು ದೊಡ್ಡದು ಮಾಡಬೇಡಿ, ಡೋವೆಲ್ಲನ್ನು ಒಣಗಿಸಿ.

ಕಪಾಟಿನ ಬಾಗಿಲು ಮತ್ತು 35 ಮಿ.ಮೀ.

ಮಾಡ್ಯುಲರ್ ಅಡುಗೆಮನೆಯ ಬಾಗಿಲುಗಳ ಒಳಗೆ ಅಡಗಿ ಕೂರುವ ಹಿಂಜ್‌ಗೆ ನಮ್ಮ ಬಡಗಿಗಳು ಆಟೋ ಹಿಂಜ್ ಎನ್ನುತ್ತಾರೆ. ಅದರ ಬಟ್ಟಲು ಕೂರಲು 35 ಮಿ.ಮೀ. ಅಗಲ, ಸುಮಾರು 12 ಮಿ.ಮೀ. ಆಳದ, ತಳ ಚಪ್ಪಟೆಯಾದ ಗುಳಿ ಬೇಕು. 18 ಮಿ.ಮೀ. ಬಾಗಿಲಲ್ಲಿ ಉಳಿಯುವುದು ಆರು ಮಿ.ಮೀ. ಮಾತ್ರ, ಅದರಾಚೆ ಸನ್‌ಮೈಕಾ. ಇಲ್ಲಿ ಬಿಟ್ ತಪ್ಪಿದರೆ ಬಾಗಿಲೇ ಹೋಯಿತು.

ಈ ಕೆಲಸಕ್ಕೆ ಅಗ್ಗದ ಚಪ್ಪಟೆ ಬಿಟ್, ಅಂದರೆ ಸ್ಪೇಡ್ ಬಿಟ್, ಎಂದಿಗೂ ಬೇಡ. ಅದರ ನಡುಮೊನೆ ಉದ್ದ. ಗುಳಿ ಬೇಕಾದಷ್ಟು ಆಳವಾಗುವ ಮೊದಲೇ ಮೊನೆ ಮುಂಭಾಗದ ಸನ್‌ಮೈಕಾವನ್ನು ತೂರಿ ಹೊರಬರುತ್ತದೆ. ಬೇಕಾದದ್ದು ಫಾರ್ಸ್ಟ್‌ನರ್ ಬಿಟ್. ಅಮೆರಿಕದ ಒರೆಗಾನ್‌ನ ಬಂದೂಕು ರಿಪೇರಿಗಾರ ಬೆಂಜಮಿನ್ ಫಾರ್ಸ್ಟ್‌ನರ್ 1874ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದನ್ನು ದಾರಿಯಲ್ಲಿ ನಡೆಸುವುದು ನಡುಮೊನೆಗಿಂತ ಹೆಚ್ಚಾಗಿ ಹೊರಗಿನ ಬಳೆಯಂಥ ಅಂಚು. ಹಾಗಾಗಿ ಮೊನೆ ಗಿಡ್ಡವಿದ್ದರೂ ನಡೆಯುತ್ತದೆ, ತಳ ಚಪ್ಪಟೆಯಾಗುತ್ತದೆ, ಗಂಟು ಎದುರಾದರೂ ಬಿಟ್ ಅತ್ತಿತ್ತ ಸರಿಯುವುದಿಲ್ಲ, ಹಲಗೆಯ ಅಂಚನ್ನು ದಾಟಿ ಅರ್ಧಚಂದ್ರದಂತೆಯೂ ಕೊರೆಯಬಹುದು. ಪ್ಲೈ, ಎಂಡಿಎಫ್, ಸನ್‌ಮೈಕಾ ಮೇಲೆಯೇ ಹೆಚ್ಚು ಕೆಲಸವಿದ್ದರೆ ಕಾರ್ಬೈಡ್ ಹಲ್ಲಿನದನ್ನು ಕೊಳ್ಳಿ. ಅವುಗಳಲ್ಲಿರುವ ಅಂಟು ಸಾದಾ ಉಕ್ಕನ್ನು ಬೇಗ ಮೊಂಡು ಮಾಡುತ್ತದೆ.

ಗುಳಿಯ ಅಂಚಿನಿಂದ ಬಾಗಿಲ ಅಂಚಿಗೆ ಸಾಮಾನ್ಯವಾಗಿ 3ರಿಂದ 6 ಮಿ.ಮೀ. ಬಿಡುತ್ತಾರೆ. ನಾಲ್ಕು ಬಿಟ್ಟರೆ ಕೇಂದ್ರ ಬಾಗಿಲ ಅಂಚಿನಿಂದ 21.5 ಮಿ.ಮೀ. ದೂರದಲ್ಲಿ ಬರುತ್ತದೆ. ಹಿಂಜ್ ಜೊತೆ ಬರುವ ಕಾಗದದಲ್ಲಿ ಆ ಮಾದರಿಯ ಲೆಕ್ಕವಿರುತ್ತದೆ, ಅದನ್ನೇ ನಂಬಿ.

ಇನ್ನು ವೇಗ. ಬಿಟ್ ದೊಡ್ಡದಾದಷ್ಟೂ ಅದರ ಅಂಚು ಒಂದು ಸುತ್ತಿನಲ್ಲಿ ಹೆಚ್ಚು ದೂರ ಓಡುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ 3 ಮಿ.ಮೀ. ಬಿಟ್‌ನ ಅಂಚು ನಿಮಿಷಕ್ಕೆ 28 ಮೀಟರ್ ಸಾಗಿದರೆ, ಅದೇ ಸುತ್ತಿನಲ್ಲಿ 35 ಮಿ.ಮೀ. ಬಿಟ್‌ನ ಅಂಚು 330 ಮೀಟರ್ ಸಾಗುತ್ತದೆ. ಕತ್ತರಿಸಲು ಬಿಡುವೇ ಇಲ್ಲದೆ ಉಜ್ಜಾಟವಾಗಿ ಮರ ಕರಿಯಾಗುತ್ತದೆ, ಬಿಟ್ ಕಾದು ಮೊಂಡಾಗುತ್ತದೆ. ಸಣ್ಣ ಬಿಟ್‌ಗೆ ಪೂರ್ತಿ ವೇಗ, ಫಾರ್ಸ್ಟ್‌ನರ್‌ಗೆ ಐನೂರು ಸುತ್ತಿನ ಆಸುಪಾಸು. ಗೋಡೆಗೆಂದು ಕೊಂಡ ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಟ್ರಿಗರ್ ಅರ್ಧ ಒತ್ತಿ ಈ ವೇಗವನ್ನು ಹಿಡಿದಿಡುವುದು ಕಷ್ಟ. ಎರಡು ಗೇರಿರುವ ಬ್ಯಾಟರಿ ಡ್ರಿಲ್‌ನ ಒಂದನೇ ಗೇರು ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದು.

ಸ್ಪೇಡ್ ಬಿಟ್ ಕೆಲಸಕ್ಕೆ ಬಾರದ್ದೇನಲ್ಲ. ಮೇಜಿನ ಹಿಂದೆ ವೈರ್ ಹೋಗಲು 25 ಮಿ.ಮೀ. ತೂತು ಬೇಕಾದರೆ ಅದು ವೇಗ, ಅಗ್ಗ. ಬಾಗಿಲಿಗೆ ದುಂಡು ಹಿಡಿಯ ಲಾಕ್ ಕೂರಿಸಲು ಬೇಕಾಗುವ 54 ಮಿ.ಮೀ.ನಂಥ ದೊಡ್ಡ ತೂತಿಗೆ ಬಳೆಯಾಕಾರದ ಗರಗಸ, ಅಂದರೆ ಹೋಲ್ ಸಾ, ಸರಿ. ತುದಿಯಲ್ಲಿ ಸ್ಕ್ರೂ ಎಳೆಯಿರುವ ಆಗರ್ ಬಿಟ್ ತನ್ನಷ್ಟಕ್ಕೆ ಮರದೊಳಗೆ ಎಳೆದುಕೊಂಡು ಹೋಗುತ್ತದೆ. ವೇಗದ ಮಷಿನ್‌ಗೆ ಹಾಕಿದರೆ ಕೈ ತಿರುಚೀತು, ಜೋಪಾನ.

ಮಷಿನ್ ಒತ್ತುವ ಮೊದಲು, ಒತ್ತಿದ ಮೇಲೆ

ಇಂಪ್ಯಾಕ್ಟ್ ಡ್ರಿಲ್‌ನ ಮೇಲೆ ಸುತ್ತಿಗೆಯ ಚಿತ್ರ, ಬಿಟ್‌ನ ಚಿತ್ರ ಎರಡೂ ಇರುತ್ತವೆ. ಮರಕ್ಕೆ ಗುಂಡಿ ಬಿಟ್‌ನ ಚಿತ್ರದ ಕಡೆಗಿರಬೇಕು. ಸುತ್ತಿಗೆಯ ಕಡೆಗಿದ್ದರೆ ಎಂಥ ಒಳ್ಳೆಯ ಬಿಟ್ ಇದ್ದರೂ ತೂತಿನ ಬಾಯಿ ಜಜ್ಜಿಹೋಗುತ್ತದೆ. ಹಿಂದುಮುಂದಿನ ಗುಂಡಿಯನ್ನೂ ನೋಡಿ. ಹೊಸ ಬಿಟ್ ಕೂಡ ಮರ ಸುಡುತ್ತಿದೆ ಎಂಬ ದೂರಿಗೆ ಎಷ್ಟೋ ಸಲ ಕಾರಣ, ಸ್ಕ್ರೂ ಬಿಚ್ಚಿದ ಮೇಲೆ ಮಷಿನ್ ಉಲ್ಟಾ ತಿರುಗುವುದರಲ್ಲೇ ಉಳಿದಿರುವುದು. ಕೀಲಿಯಿಂದ ಬಿಗಿಯುವ ಚಕ್ ಆದರೆ ಮೂರೂ ತೂತುಗಳಲ್ಲಿ ಕೀಲಿ ಹಾಕಿ ಬಿಗಿಯಿರಿ. ಒಂದರಲ್ಲೇ ಬಿಗಿದರೆ ಬಿಟ್ ಓರೆಯಾಗಿ ಕೂರಬಹುದು.

ಗುರುತು ಹಾಕಿದ ಜಾಗದಲ್ಲಿ ಮೊಳೆಯ ತುದಿಯಿಂದ ಒಂದು ಸಣ್ಣ ಕುಳಿ ಮಾಡಿ. ನೇರ ಹೋಗುತ್ತಿದೆಯೇ ತಿಳಿಯಲು ಪಕ್ಕದಲ್ಲೊಂದು ಮೂಲೆಮಟ್ಟ ನಿಲ್ಲಿಸಿಕೊಳ್ಳಿ. ಒಂದು ಕಡೆಯಿಂದ ನೋಡಿದ ಮೇಲೆ ಅದನ್ನು ಬದಿಗೆ ಸರಿಸಿ ಇನ್ನೊಂದು ಕಡೆಯಿಂದಲೂ ನೋಡಬೇಕು. ಆಳಕ್ಕೆ ಬಿಟ್‌ನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಒಂದು ತುದಿಯನ್ನು ಬಾವುಟದ ಹಾಗೆ ಬಿಟ್ಟರೆ ಸಾಕು. ಆ ಬಾವುಟ ಹೊಟ್ಟನ್ನು ಗುಡಿಸಲು ಶುರು ಮಾಡಿದಾಗ ನಿಲ್ಲಿಸಿ.

ಹೊರಬರುವ ಹೊಟ್ಟನ್ನು ಗಮನಿಸುತ್ತಿರಿ. ಚೂಪಾದ ಬಿಟ್‌ನಿಂದ ಸಣ್ಣ ಸುರುಳಿ, ಚಕ್ಕೆ ಬರುತ್ತದೆ. ಗಟ್ಟಿ ಮರದಲ್ಲಿ ಬರಿಯ ನುಣುಪು ಪುಡಿ, ಜೊತೆಗೆ ಕಮಟು ವಾಸನೆ ಬಂದರೆ ಬಿಟ್ ಮೊಂಡಾಗಿದೆ ಅಥವಾ ವೇಗ ಹೆಚ್ಚಾಗಿದೆ. ಆಳದ ತೂತಿನಲ್ಲಿ ಒಂದೇ ಸಮನೆ ಒತ್ತಬೇಡಿ. ಆಗಾಗ ಮಷಿನ್ ತಿರುಗುತ್ತಿರುವಾಗಲೇ ಬಿಟ್ ಹೊರಗೆಳೆದು ಸುರುಳಿಯಲ್ಲಿ ತುಂಬಿದ ಹೊಟ್ಟು ಉದುರಲು ಬಿಡಿ. ಬೀಟೆಯಂಥ ಎಣ್ಣೆಯಂಶದ ಮರದಲ್ಲಿ ಇದು ಇನ್ನೂ ಮುಖ್ಯ, ಹೊಟ್ಟು ಅಲ್ಲಿ ಅಂಟಿನಂತೆ ಗಟ್ಟಿಯಾಗುತ್ತದೆ. ತೇಗ ಕೊರೆಯಲು ಮೆತ್ತಗೆ ಅನ್ನಿಸಿದರೂ ಅದರೊಳಗೆ ಮರಳಿನ ಗುಣದ ಸಿಲಿಕಾ ಇದೆ, ಬಿಟ್ ಬೇಗ ಸವೆಯುತ್ತದೆ. ಹಳೆಯ ಮನೆ ಕೆಡವಿದಲ್ಲಿಂದ ತಂದ ತೊಲೆ, ಬಾಗಿಲುವಾಡವಾದರೆ ಮೊದಲು ಒಂದು ಅಯಸ್ಕಾಂತ ಆಡಿಸಿ. ತಲೆ ಮುರಿದು ಒಳಗುಳಿದ ಒಂದು ಮೊಳೆ ಸಾಕು, ಮರದ ಬಿಟ್‌ನ ಹಲ್ಲು ಹಾರಲು.

ಹಿಂಬದಿ ಸಿಬಿರೇಳದಂತೆ ತಡೆಯಲು ಎರಡು ಉಪಾಯ. ಹಲಗೆಯ ಕೆಳಗೆ ಬೇಡದ ಮರದ ತುಂಡೊಂದನ್ನಿಟ್ಟು ಕ್ಲ್ಯಾಂಪ್ ಹಾಕಿ ಬಿಗಿದರೆ, ಬಿಟ್ ಹೊರಬರುವಾಗ ನಾರಿಗೆ ಆಸರೆಯಿರುತ್ತದೆ. ಅದು ಸಾಧ್ಯವಿಲ್ಲದ ಕಡೆ, ನಡುಮೊನೆ ಹಿಂದೆ ಇಣುಕಿದ ಕೂಡಲೇ ನಿಲ್ಲಿಸಿ, ಹಲಗೆ ತಿರುಗಿಸಿ, ಆ ಚುಕ್ಕೆಯಿಂದ ಉಳಿದದ್ದನ್ನು ಕೊರೆಯಿರಿ. ಮೊನೆಯಿರುವ ಬಿಟ್‌ಗಷ್ಟೇ ಈ ಸೌಲಭ್ಯ.

ತಿರುಗುವ ಬಿಟ್‌ನ ಹತ್ತಿರ ಕೈಗವಸು ಹಾಕಬಾರದು. ನೂಲು ಸಿಕ್ಕಿದರೆ ಬೆರಳನ್ನೇ ಎಳೆಯುತ್ತದೆ. ಸೆರಗು, ದುಪಟ್ಟಾ, ಪಂಚೆಯ ಚುಂಗು, ಬಿಟ್ಟ ಕೂದಲು ಎಲ್ಲಕ್ಕೂ ಇದೇ ಮಾತು. ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ವರ್ಷಕ್ಕೆ ನಾಲ್ಕು ತೂತು ಕೊರೆಯುವವರು ಹೆದರಬೇಕಿಲ್ಲ, ಆದರೆ ಎಂಡಿಎಫ್ ಕೆಲಸಕ್ಕೆ ಕೂರುವಾಗ ಮಾಸ್ಕ್ ಇರಲಿ. ಕನ್ನಡಕ ಯಾವಾಗಲೂ ಇರಲಿ.

ಬಿಟ್‌ಗಳನ್ನು ಒಂದೇ ಡಬ್ಬಿಯಲ್ಲಿ ಗಲಗಲ ತುಂಬಿದರೆ ಅಲಗುಗಳು ಒಂದಕ್ಕೊಂದು ತಾಗಿ ಹಾಳಾಗುತ್ತವೆ. ಮರದ ತುಂಡಿನಲ್ಲಿ ಅವೇ ಅಳತೆಯ ತೂತು ಕೊರೆದು ನಿಲ್ಲಿಸಿಡಿ, ಕರಾವಳಿಯವರು ಮಷಿನ್ ಎಣ್ಣೆ ಒರೆಸಿಡಿ. ಕೊಬ್ಬರಿ ಎಣ್ಣೆ ಬೇಡ, ಅಂಟುಗಟ್ಟುತ್ತದೆ. ಸ್ಪೇಡ್ ಬಿಟ್ಟನ್ನು ಸಣ್ಣ ಚಪ್ಪಟೆ ಅರದಿಂದ ಮನೆಯಲ್ಲೇ ಚೂಪು ಮಾಡಬಹುದು. ಫಾರ್ಸ್ಟ್‌ನರ್‌ನಲ್ಲಿ ಒಳಗಿನ ಅಲಗನ್ನು ಮಾತ್ರ ಉಜ್ಜಿ. ಹೊರ ಬಳೆಯ ಹೊರಮೈ ಮುಟ್ಟಿದರೆ 35 ಇದ್ದದ್ದು 34.5 ಆಗಿ ಹಿಂಜ್ ಕೂರುವುದಿಲ್ಲ. ಐದಕ್ಕಿಂತ ಸಣ್ಣ ಎಚ್‌ಎಸ್‌ಎಸ್ ಬಿಟ್‌ಗೆ ಸಾಣೆ ಹಿಡಿಯುವ ಶ್ರಮ ದಂಡ, ಹೊಸದು ತನ್ನಿ.

ಕೊನೆಯದಾಗಿ, ಸ್ಕ್ರೂ ಹಿಡಿತ ಕಳೆದುಕೊಂಡ ಹಳೆಯ ತೂತು. ಬೆಂಕಿಕಡ್ಡಿ, ಪೊರಕೆ ಕಡ್ಡಿ ತುರುಕುವ ಉಪಾಯ ಕೆಲವು ತಿಂಗಳು ನಡೆಯುತ್ತದೆ. ಭಾರದ ಬಾಗಿಲಾದರೆ ಆ ತೂತನ್ನು 8 ಮಿ.ಮೀ. ಮರದ ಬಿಟ್‌ನಿಂದ ಅಗಲಿಸಿ, ಗಟ್ಟಿ ಮರದ ಡೋವೆಲ್ ತುಂಡಿಗೆ ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಒಣಗಲು ಬಿಡಿ. ಮರುದಿನ ಉಳಿದ ತುದಿಯನ್ನು ಉಳಿಯಿಂದ ಮಟ್ಟ ಮಾಡಿ, ನಡುವೆ 2.5 ಮಿ.ಮೀ. ತೂತು ಕೊರೆದು, ಮೊದಲಿಗಿಂತ ಉದ್ದದ ಸ್ಕ್ರೂವನ್ನು ಕೈಯಿಂದಲೇ ತಿರುಗಿಸಿ.